ಚಕ್ಲಿಯನ್ನು ನಿಲ್ಲಿಸಿದ ಉಮ್ಮೆ ಕುಲ್ಸುಂ

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಉಮ್ಮೆ ಕುಲ್ಸುಂ ಅವರ ಟೈಲರಿಂಗ್ ಅಂಗಡಿ ಇದೆ. ಮೂವತ್ತೊಂದು ವರ್ಷದಿಂದ ಅವರು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಾರೆ. ಜೋಗುಪಾಳ್ಯದಲ್ಲಿ ನಮ್ಮ ಮನೆಯ ಎದುರಿಗೇ ಇಬ್ಬರು ಟೈಲರ್‌ಗಳಿದ್ದರೂ ನಾನು ಅಲ್ಲಿಗೆ ಹೋಗುವುದು ಒಂದೇ ಕಾರಣಕ್ಕೆ. ಕುಲ್ಸುಂ ಆಪಾ, ಅಂದರೆ ಕುಲ್ಸುಂ ಅಕ್ಕ, ಹೊಲಿದ ರವಿಕೆಯನ್ನು ಬಿಚ್ಚಿ ಮತ್ತೆ ಹೊಲಿಯುವ ಪ್ರಸಂಗ ಬರುವುದಿಲ್ಲ.

ಅದರ ಗುಟ್ಟು ಅಳತೆಯಲ್ಲಿದೆ. ಅವರು "ನಿಲ್ಲಿ" ಅಂದರೆ ಯಾರಾದರೂ ನಿಲ್ಲಲೇಬೇಕು. ಮದುವೆ ಹುಡುಗಿಯರು ಒಂದು ಕೈಯಲ್ಲಿ ಫೋನು ಹಿಡಿದು ಕುಣಿಯುತ್ತ ಬರುತ್ತಾರೆ, ಆಪಾರ ಅಳತೆ ಟೇಪು ಭುಜಕ್ಕೆ ಬಿದ್ದ ಕೂಡಲೇ ಕಂಬದ ಹಾಗೆ ಆಗುತ್ತಾರೆ. ಹೊಟ್ಟೆ ಒಳಗೆ ಎಳೆದುಕೊಂಡವರಿಗೆ ಆಪಾ ತಣ್ಣಗೆ ಹೇಳುತ್ತಾರೆ, "ಬಿಡಿಮ್ಮ. ಊಟದ ಎಲೆ ಮುಂದೆ ಅದು ವಾಪಸ್ ಬರತ್ತೆ."

ಇಂಥ ಹೆಂಗಸಿಗೆ ಭಯ ಅಂತ ಇದ್ದದ್ದು ನಾಯಿಯದು ಮಾತ್ರ. ಒಂಬತ್ತು ವರ್ಷದವರಿದ್ದಾಗ ಓಣಿಯ ನಾಯಿಯೊಂದು ಅವರ ಚಪ್ಪಲಿ ಕಚ್ಚಿಕೊಂಡು ಓಡಿತ್ತಂತೆ. ಅಷ್ಟಕ್ಕೇ ಹೆದರುವುದೇನು ಎಂದು ನಾನು ಕೇಳಿದ್ದೆ. "ಚಪ್ಪಲಿ ಒಳಗೆ ಕಾಲಿತ್ತು" ಎಂದರು.

ಹೋದ ನವೆಂಬರಿನಲ್ಲಿ ಪ್ರಿಯಂವದಾ ಎಂಬ ಹುಡುಗಿ ತನ್ನ ಮದುವೆಯ ರವಿಕೆಗಳನ್ನು ಕೊಡಲು ಬಂದಳು. ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್, ಮನೆ ಜೀವನ್ ಬಿಮಾ ನಗರದಲ್ಲಿ. ಅಳತೆ ಎಲ್ಲ ಮುಗಿದ ಮೇಲೆ ಅವಳು ಬಾಗಿಲಲ್ಲೇ ನಿಂತಳು.

"ಆಪಾ, ಇನ್ನೊಬ್ಬನಿಗೂ ಹೊಲೀಬೇಕಿತ್ತು. ರಿಸೆಪ್ಷನ್‌ಗೆ. ನನ್ನ ಸೀರೆ ಅಂಚಿಗೇ ಮ್ಯಾಚ್ ಆಗೋ ಹಾಗೆ."

"ಗಂಡಸರದ್ದು ನಾನು ಹೊಲಿಯಲ್ಲ ಮಗಾ."

"ಗಂಡೇ. ಆದ್ರೆ ನಾಯಿ."

ಪಕ್ಕದ ಮೆಷಿನ್ ನಿಂತುಹೋಯಿತು. ಅಲ್ಲಿ ಕೂತಿದ್ದವಳು ಆಪಾರ ಮಗಳು ನೌರೀನ್. ಇಪ್ಪತ್ತಮೂರರ ಈ ಹುಡುಗಿ ರಸ್ತೆಯಲ್ಲಿ ಕಂಡ ಪ್ರತಿ ನಾಯಿಗೂ ಹೆಸರಿಟ್ಟು ಮಾತಾಡಿಸುವವಳು. ತಾಯಿ ಬಾಯಿ ತೆರೆಯುವ ಮೊದಲೇ ಅವಳು "ಹೊಲೀತಾರೆ" ಎಂದುಬಿಟ್ಟಳು.

ಹೀಗೆ ಉಮ್ಮೆ ಕುಲ್ಸುಂ ಒಂದು ಬೆಳಿಗ್ಗೆ ಬಸ್ಸು ಹತ್ತಿ ಜೀವನ್ ಬಿಮಾ ನಗರಕ್ಕೆ ಹೋದರು. ಪ್ರಿಯಂವದಾಳ ತಂದೆ ಯಜ್ಞನಾರಾಯಣ ವಿಮೆ ಆಫೀಸಿನಿಂದ ನಿವೃತ್ತರು. ತಾಯಿ ರಮಾಮಣಿ. ಮನೆಯ ಮೂರನೇ ಹಿರಿಯ ಚಕ್ಲಿ. ಎರಡೂವರೆ ವರ್ಷದ ಕೆಳಗೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ರಟ್ಟಿನ ಡಬ್ಬಿಯೊಳಗೆ ಪ್ರಿಯಂವದಾಳಿಗೆ ಸಿಕ್ಕ ಕಂದು ಬಣ್ಣದ ಬೀದಿನಾಯಿ ಮರಿ ಅದು. ಬಾಲ ಎರಡು ಸುತ್ತು ಸುತ್ತಿಕೊಂಡಿದ್ದರಿಂದ ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ.

ಚಕ್ಲಿ ಅವಿದ್ಯಾವಂತನೇನಲ್ಲ. ದೊಮ್ಮಲೂರಿನಿಂದ ಒಬ್ಬ ಟ್ರೈನರ್ ಮೂರು ತಿಂಗಳು ಬಂದು ಕೂರುವುದು, ಕೈ ಕೊಡುವುದು, ಉರುಳುವುದು, ಈ ಮೂರು ವಿದ್ಯೆ ಕಲಿಸಿ ಹೋಗಿದ್ದ. ಮೂರರಲ್ಲೂ ಚಕ್ಲಿ ನಿಪುಣ. ಎಷ್ಟೆಂದರೆ, ಮನುಷ್ಯರ ಕೈ ಕಂಡರೆ ಸಾಕು, ಯಾರೂ ಕೇಳದಿದ್ದರೂ ಕೂತುಬಿಡುತ್ತಿದ್ದ.

ಅವತ್ತೂ ಹಾಗೇ ಮಾಡಿದ. ಆಪಾ ಹೊಸ್ತಿಲಲ್ಲಿ ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ಚಕ್ಲಿ ಬಂದು, ಮೂಸಿ, ಅವರ ಬುರ್ಖಾದ ಅಂಚಿನ ಮೇಲೆ ಗಟ್ಟಿಯಾಗಿ ಕೂತ. ಆಪಾ ಒಂದು ಹೆಜ್ಜೆಯೂ ಇಡುವ ಹಾಗಿರಲಿಲ್ಲ.

"ತೆಗೀರಿ ಇದನ್ನ" ಎಂದು ತುಟಿ ಅಲುಗಿಸದೆ ಹೇಳಿದರು.

ಯಜ್ಞನಾರಾಯಣರು ಮುಂದೆ ಬಂದರು. ನಿವೃತ್ತಿಯ ಮೇಲೆ ಸಂಸ್ಕೃತ ಕಲಿಯುತ್ತಿದ್ದ ಅವರು "ಚಕ್ಲೀ, ಉತ್ತಿಷ್ಠ" ಎಂದರು. ಚಕ್ಲಿ ಅವರಿಗೆ ಕೈ ಕೊಟ್ಟ.

ಅಳತೆಯ ಗತಿಯಂತೂ ಕೇಳುವುದೇ ಬೇಡ. ಟೇಪು ಹತ್ತಿರ ಬಂದರೆ ಕೂರುವನು. ಪ್ರಿಯಂವದಾ ಹೊಟ್ಟೆಗೆ ಕೈಹಾಕಿ ಎತ್ತಿ ನಿಲ್ಲಿಸಿದರೆ ದೋಸೆ ಹಿಟ್ಟಿನ ಹಾಗೆ ಅವಳ ಕೈಯಿಂದ ಜಾರಿ ನೆಲದ ಮೇಲೆ ಹರಡಿಕೊಳ್ಳುವನು. ಬೈದರೆ ಉರುಳುವನು. ಅರ್ಧ ಗಂಟೆ ಹೋರಾಡಿ, ಕೊನೆಗೆ ಅವನು ಕೂತಿದ್ದಾಗಲೇ ಆಪಾ ದೂರದಿಂದ ಕೈಚಾಚಿ ನಾಲ್ಕು ಅಳತೆ ತೆಗೆದುಕೊಂಡು, ಮಿಕ್ಕದ್ದನ್ನು ಅಂದಾಜು ಮಾಡಿ ಹೊರಟರು.

ವಾರದ ನಂತರ ಕೆನೆಬಣ್ಣದ ರೇಷ್ಮೆ ಅಂಗಿ ತಯಾರಾಗಿ ಬಂತು. ಕತ್ತಿಗೆ ಪ್ರಿಯಂವದಾಳ ಸೀರೆಯದೇ ಜರಿ ಅಂಚು. ತೊಡಿಸಿದಾಗ ಚಕ್ಲಿ ಕೂತಿದ್ದ, ರಾಜಕುಮಾರನ ಹಾಗೆ ಕಾಣುತ್ತಿದ್ದ. ಆಮೇಲೆ ಎದ್ದು ನಿಂತ. ಕಾಲರ್ ಹಿಂದಕ್ಕೆ ಸರಿದು ಭುಜಕ್ಕೆ ಬಂತು, ಬೆನ್ನ ಮೇಲೆ ಬಟ್ಟೆ ಗುಡ್ಡೆಯಾಯಿತು, ಹೊಟ್ಟೆಯ ಕೆಳಗೆ ಒಂದು ಜೋಳಿಗೆ ನೇತಾಡಿತು. ಚಕ್ಲಿ ಆ ಜೋಳಿಗೆಯೊಳಗೆ ಏನಿದೆ ಎಂದು ತಲೆ ಹಾಕಿ ನೋಡಿದ, ತಲೆ ಹೊರಗೆ ಬರಲಿಲ್ಲ. ಹಾಗೇ ಹಿಂದಕ್ಕೆ ನಡೆಯುತ್ತ ಸೋಫಾಗೆ ಡಿಕ್ಕಿ ಹೊಡೆದ. ರಮಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಜ್ಞನಾರಾಯಣರು ಸುಳ್ಳು ಕೆಮ್ಮು ಕೆಮ್ಮುತ್ತ ಅಡುಗೆಮನೆಗೆ ಹೋದರು.

ಆಪಾ ಮಾತ್ರ ನಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಕೈಯಿಂದ ಇಂಥದ್ದು ಬಂದಿರಲಿಲ್ಲ.

"ಹೋಗ್ಲಿ ಬಿಡಿ ಆಪಾ" ಎಂದಳು ಪ್ರಿಯಂವದಾ. "ರಿಸೆಪ್ಷನ್ ಪೂರ್ತಿ ಕೂತ್ಕೊಂಡೇ ಇರ್ತಾನೆ. ಕೂತ್ರೆ ಚೆನ್ನಾಗೇ ಕಾಣತ್ತೆ."

"ನಾನು ಹೊಲಿದದ್ದು ಹಾಕ್ಕೊಂಡು ಯಾರೂ ಕೂತೇ ಇರಬೇಕಾಗಿಲ್ಲ" ಎಂದು ಆಪಾ ಅಂಗಿಯನ್ನು ಚೀಲಕ್ಕೆ ತುರುಕಿದರು. "ಇವನು ನಿಲ್ಲಬೇಕು. ನಿಲ್ಲೋದು ನಾನೇ ಕಲಿಸ್ತೀನಿ."

ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತಂತೆ.

ಈ ಕತೆಯೊಳಗೆ ನಾನು ಕಾಲಿಟ್ಟದ್ದು ಮರುದಿನ ಮಧ್ಯಾಹ್ನ. ಸೀರೆಗೆ ಫಾಲ್ ಹಾಕಿಸಲು ಮೆಟ್ಟಿಲು ಹತ್ತಿ ಹೋದರೆ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ನೌರೀನ್ ಕೈಕಾಲು ಊರಿ ನಾಲ್ಕು ಕಾಲಿನ ಪ್ರಾಣಿಯಾಗಿ ನಿಂತಿದ್ದಳು. ಆಪಾ ಅವಳ ಮೂಗಿನ ಮುಂದೆ ಬೇಯಿಸಿದ ಗೆಣಸಿನ ಚೂರು ಹಿಡಿದಿದ್ದರು.

"ಒಳಗೆ ಬನ್ನಿ" ಎಂದರು, ಏನೂ ಆಗದವರ ಹಾಗೆ. "ನೋಡಿ, ಗೆಣಸು ಮೇಲೆ ಹೋದ್ರೆ ಇವಳ ತಲೆ ಮೇಲೆ ಹೋಗತ್ತೆ. ತಲೆ ಮೇಲೆ ಹೋದ್ರೆ ಹಿಂಭಾಗ ಕೆಳಗೆ ಬರತ್ತೆ. ಬಂತಾ?"

"ಬಂತು" ಎಂದೆ.

"ಈಗ ಕೂತಿದ್ದಾಳೆ. ಗೆಣಸನ್ನ ಮೂಗಿನ ನೇರಕ್ಕೆ ಹಿಡಿದು ಮುಂದಕ್ಕೆ ಎಳೆದ್ರೆ?"

ನೌರೀನ್ ಮೂಗು ಮುಂದೆ ಹೋಯಿತು, ಅದರ ಹಿಂದೆ ಮೈ ಹೋಯಿತು, ಸೊಂಟ ತಾನಾಗಿ ಮೇಲೆದ್ದಿತು. "ಅಮ್ಮೀ, ಮೊಣಕಾಲು ನೋಯ್ತಿದೆ" ಎಂದಳು, ಗೆಣಸು ಬಾಯಿಗೆ ಹಾಕಿಕೊಂಡು.

ಆಪಾರಿಗೆ ವಿಷಯ ಹೊಳೆದಿತ್ತು. ಚಕ್ಲಿಗೆ ಇದುವರೆಗೂ ತಿಂಡಿ ಸಿಕ್ಕಿದ್ದೆಲ್ಲ ಕೂತಿದ್ದಕ್ಕೆ. ನಿಂತಿದ್ದಕ್ಕೆ ಆ ಮನೆಯಲ್ಲಿ ಯಾರೂ ಏನೂ ಕೊಟ್ಟಿರಲಿಲ್ಲ. ಪಾಪ, ಅವನು ಕೆಟ್ಟವನಾಗಿ ಕೂರುತ್ತಿರಲಿಲ್ಲ, ಒಳ್ಳೆಯವನಾಗಿಯೇ ಕೂರುತ್ತಿದ್ದ.

ಮಾರನೆಯ ದಿನದಿಂದ ಪಾಠ ಶುರು. ಬೆಳಿಗ್ಗೆ ಹತ್ತೂವರೆಗೆ ಹೋಗಿ ಮುಕ್ಕಾಲು ಗಂಟೆ ಇರುವುದು. ಅದಕ್ಕೆಂದೇ ಒಂದು ಹಳೆಯ ಸಲ್ವಾರ್ ಬೇರೆ ಇಟ್ಟರು, ವಾಪಸ್ ಬಂದು ಕೈಕಾಲು ತೊಳೆದು ಬಟ್ಟೆ ಬದಲಿಸಿಯೇ ನಮಾಜಿಗೆ ನಿಲ್ಲುವರು. ಇದನ್ನು ಸಂಕೋಚದಿಂದ ಹೇಳಿದಾಗ ಯಜ್ಞನಾರಾಯಣರ ಮುಖ ಅರಳಿತಂತೆ. "ನಮ್ಮಲ್ಲೂ ಅಷ್ಟೇ ಅಮ್ಮ. ಇವನನ್ನ ಮುಟ್ಟಿದ್ರೆ ಸ್ನಾನ ಆಗದೆ ದೇವರ ಮನೆಗೆ ಹೋಗೋ ಹಾಗಿಲ್ಲ. ನಾನು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡ್ತೀನಿ. ಇವನು ತಿಂಗಳಿಗೊಂದು."

ಗೆಣಸು ಬೇಯಿಸುವುದು ರಮಾಮಣಿಯ ಕೆಲಸ. ಅದನ್ನು ಅರ್ಧ ಇಂಚಿನ ಚೌಕಗಳಾಗಿ ಕತ್ತರಿಸುವುದು ಆಪಾರದು. ಮನೆಯವರಿಗೆ ಒಂದು ಕಟ್ಟಳೆ ಹಾಕಿದರು. ಪ್ರಿಯಂವದಾ "ಸ್ಟೇ" ಅನ್ನುವಂತಿಲ್ಲ, ರಮಾಮಣಿ "ನಿಂತ್ಕೊಳೋ" ಅನ್ನುವಂತಿಲ್ಲ, ಯಜ್ಞನಾರಾಯಣರು "ತಿಷ್ಠ" ಅನ್ನಲೇಬಾರದು. "ಮೂರು ಜನ ಮೂರು ಮಾತಾಡಿದ್ರೆ ಅವನು ಯಾರದ್ದು ಕೇಳ್ಬೇಕು? ಮೊದ್ಲು ನಿಲ್ಲಲಿ. ಏನಂತ ಕರೆಯೋದು ಅಂತ ಆಮೇಲೆ ನೋಡೋಣ."

ಮೊದಲ ದಿನ ಮೊಣಕೈವರೆಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಕೊಂಡೇ ಗೆಣಸು ಹಿಡಿದರು. ಮೂಗಿನ ನೇರಕ್ಕೆ, ಮುಂದಕ್ಕೆ. ಚಕ್ಲಿಯ ಹಿಂಭಾಗ ನೆಲ ಬಿಟ್ಟಿತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಗೆಣಸು ಅವನ ಬಾಯಲ್ಲಿತ್ತು. ಅವನು ಆಶ್ಚರ್ಯದಿಂದ ಆಪಾರ ಮುಖ ನೋಡಿದ. ಕೂರದೆಯೇ ಸಿಕ್ಕಿತಲ್ಲ ಎಂಬ ಆಶ್ಚರ್ಯ. ಕೂಡಲೇ ಧನ್ಯವಾದ ಹೇಳುವಂತೆ ಕೂತ.

ಮೂರನೇ ದಿನ ಎರಡು ಸೆಕೆಂಡು. ನಾಲ್ಕನೇ ದಿನ ಗ್ಲೌಸಿನಲ್ಲಿ ಗೆಣಸು ಜಾರುತ್ತದೆಂದು ಆಪಾ ಗ್ಲೌಸು ತೆಗೆದಿಟ್ಟರು, ಮತ್ತೆ ಹಾಕಿಕೊಳ್ಳಲು ಮರೆತರು. ಐದನೇ ದಿನ ಕತ್ತಿನಲ್ಲಿದ್ದ ಟೇಪು ತೆಗೆದು ಅವನ ಬೆನ್ನಿಗೆ ಮುಟ್ಟಿಸಿದರು, ಅವನು ಕೂತ. ಮತ್ತೆ ಮೊದಲಿನಿಂದ. ಆರನೇ ದಿನ ಫೋನಿಗೆಂದು ತಿರುಗಿದ ಗಳಿಗೆಯಲ್ಲಿ ಚಕ್ಲಿ ಟೇಪಿನ ಮೇಲೆ ಮಲಗಿ ಹದಿನೆಂಟರಿಂದ ಇಪ್ಪತ್ತೇಳನೇ ಇಂಚಿನವರೆಗೆ ಜಗಿದುಹಾಕಿದ. ಹೊಸ ಹಳದಿ ಟೇಪು ಬಂತು.

ಒಂಬತ್ತನೇ ದಿನ ನೌರೀನ್ ಫೋನು ಮಾಡಿದಾಗ ಆಪಾ ಮನೆಮಾತಿನಲ್ಲಿ "ಠೈರ್, ಠೈರ್ ಜರಾ" ಎಂದರು. ಸ್ವಲ್ಪ ತಾಳು ಅಂತ. ಅತ್ತ ಹೂಕುಂಡ ಮೂಸಲು ಹೊರಟಿದ್ದ ಚಕ್ಲಿ ನಾಲ್ಕೂ ಕಾಲೂರಿ ನಿಂತುಬಿಟ್ಟ.

ಆಪಾ ಫೋನು ಕೆಳಗಿಟ್ಟರು. "ಇವನಿಗೆ ಯಾರು ಹೇಳಿಕೊಟ್ಟಿದ್ದು ಇದನ್ನ?"

"ನೀವೇ" ಎಂದರು ಯಜ್ಞನಾರಾಯಣರು. "ನಮ್ಮನ್ನೆಲ್ಲ ಬಾಯಿ ಮುಚ್ಚಿಸಿ, ಮೊದಲ ದಿನದಿಂದ ಗೆಣಸು ಹಿಡಿಯೋ ಮುಂಚೆ ನೀವು ಗೊಣಗ್ತಾ ಇರೋದು ಅದನ್ನೇ. ನಾನು ಹೇಳೋಣ ಅಂತಿದ್ದೆ. ಮಾತಾಡಬಾರದು ಅಂದಿದ್ರಲ್ಲ."

ಅಂದಿನಿಂದ ಆ ಮನೆಯ ಆಜ್ಞೆ ಠೈರ್ ಎಂದಾಯಿತು. ಬಿಡುಗಡೆಗೆ ಚಲ್, ನಡಿ ಅಂತ. ಸಂಸ್ಕೃತ ಕೈತಪ್ಪಿದ್ದಕ್ಕೆ ಯಜ್ಞನಾರಾಯಣರು ಬೇಸರಪಡಲಿಲ್ಲ. ಎರಡು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿ, "ಮಹಾಪ್ರಾಣದಿಂದ ಶುರುವಾಗತ್ತೆ. ಒಳ್ಳೇ ಪದ" ಎಂದು ಒಪ್ಪಿಗೆ ಕೊಟ್ಟರು.

ಹನ್ನೆರಡನೇ ದಿನ ಚಕ್ಲಿ ಪೂರ್ತಿ ಹತ್ತು ಸೆಕೆಂಡು ನಿಂತ, ಬೆನ್ನ ಮೇಲೆ ಟೇಪು ಇಟ್ಟುಕೊಂಡೇ. ವಾಪಸ್ ಬಸ್ಸಿನಲ್ಲಿ ಆಪಾರಿಗೆ ಸಂತೋಷ ಎಲ್ಲಿಡಬೇಕೋ ತಿಳಿಯಲಿಲ್ಲ. ಪಕ್ಕದ ಸೀಟಿನಾಕೆ ನಿದ್ದೆಯಲ್ಲಿದ್ದರು. ಹಲಸೂರು ದಾಟುವಾಗ ತಡೆಯಲಾರದೆ ಕಂಡಕ್ಟರಿಗೇ ಹೇಳಿದರು, "ನಿಂತ್ಬಿಟ್ಟ ಅಣ್ಣ."

ಕಂಡಕ್ಟರನ ಎದೆಯ ಮೇಲಿನ ಪಟ್ಟಿಯಲ್ಲಿ ಹುಲಿಗೆಪ್ಪ ಎಂದು ಬರೆದಿತ್ತಂತೆ. ಅವನು ತಕ್ಷಣ ಸೀಟಿ ಊದಿದ. ಬಸ್ಸು ಗಕ್ಕನೆ ನಿಂತಿತು. ಕಿಟಕಿಯಿಂದ ಹಿಂದೆ ನೋಡುತ್ತ, "ಎಲ್ಲಿ ನಿಂತ್ನಮ್ಮ? ಹತ್ತಲಿಲ್ವಾ? ಎಷ್ಟು ವಯಸ್ಸು?" ಎಂದ.

"ಎರಡೂವರೆ" ಎಂದರು ಆಪಾ.

ಹುಲಿಗೆಪ್ಪ ಬಾಗಿಲಿನಿಂದ ಧುಮುಕುವವನಿದ್ದ. ಅಷ್ಟರಲ್ಲಿ ಆಪಾ ಅವನ ತೋಳು ಹಿಡಿದು ವಿಷಯ ಹೇಳಿದರು. ನಾಯಿ, ಗೆಣಸು, ಹತ್ತು ಸೆಕೆಂಡು, ಎಲ್ಲ. ಇಡೀ ಬಸ್ಸು ಕೇಳಿಸಿಕೊಂಡಿತು. ಹುಲಿಗೆಪ್ಪ "ನಮ್ಮ ಪ್ಯಾಸೆಂಜರ್‌ಗಳು ಮೆಟ್ಟಿಲ ಹತ್ರ ನಿಲ್ದೆ ಒಳಗೆ ಹೋಗೋ ಹಾಗೆ ಏನಾದ್ರೂ ಕಲಿಸೋಕಾಗತ್ತಾ?" ಎಂದು ಕೇಳಿ ಮತ್ತೆ ಸೀಟಿ ಊದಿದ. ಆಪಾ ಶಿವಾಜಿನಗರದವರೆಗೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಹದಿನಾರನೇ ದಿನ ನಿಜವಾದ ಅಳತೆ. ಆಪಾ "ಠೈರ್" ಎಂದರು. ಚಕ್ಲಿ ನಿಂತ. ಟೇಪು ಕತ್ತಿನ ಸುತ್ತ ಹೋಯಿತು, ಎದೆಯ ಸುತ್ತ ಹೋಯಿತು, ಮುಂಗಾಲುಗಳ ನಡುವೆ ನುಸುಳಿತು, ಕತ್ತಿನಿಂದ ಬಾಲದ ಬುಡದವರೆಗೆ ಹರಿಯಿತು. ಆಪಾ ಪಿಸುದನಿಯಲ್ಲಿ ಅಂಕಿ ಹೇಳುತ್ತಿದ್ದರು, ರಮಾಮಣಿ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಪ್ರಿಯಂವದಾ ಉಸಿರು ಹಿಡಿದಿದ್ದಳು. ಯಜ್ಞನಾರಾಯಣರು ಒಂದು ಕಾಲೆತ್ತಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೇ ಒಂಟಿಕಾಲಲ್ಲಿ ಉಳಿದರು. ಚಕ್ಲಿಯ ಬಾಲದ ತುದಿ ಮಾತ್ರ ಸಣ್ಣಗೆ ನಡುಗುತ್ತಿತ್ತು. ನಲವತ್ತು ಸೆಕೆಂಡು.

"ಚಲ್" ಎಂದರು ಆಪಾ.

ಚಕ್ಲಿ ಸೋಫಾದ ಸುತ್ತ ಏಳು ಸುತ್ತು ಓಡಿದ, ಏಳನೆಯದರಲ್ಲಿ ರಮಾಮಣಿಯ ಪೆನ್ನು ಕಿತ್ತುಕೊಂಡು ಹೋದ. ಯಜ್ಞನಾರಾಯಣರು ಕಾಲು ಕೆಳಗಿಟ್ಟರು. ಆಪಾ ನೆಲದ ಮೇಲೆ ಕೂತು ಪಕ್ಕೆ ಹಿಡಿದುಕೊಂಡು ನಕ್ಕರು, ಆ ಮನೆಯಲ್ಲಿ ಅವರು ನಕ್ಕದ್ದು ಅದೇ ಮೊದಲು.

ರಿಸೆಪ್ಷನ್ ಹಲಸೂರಿನ ಒಂದು ಛತ್ರದಲ್ಲಿ. ನೌರೀನ್ ಮತ್ತು ಆಪಾ ಜೊತೆ ನಾನೂ ಹೋಗಿದ್ದೆ, ನನ್ನನ್ನು ಯಾರೂ ಕರೆದಿರಲಿಲ್ಲ. ಹೊಸ ಅಂಗಿ ಚಕ್ಲಿಯ ಮೈಗೆ ಎರಡನೇ ಚರ್ಮದಂತೆ ಕೂತಿತ್ತು. ಡೋಲು ಬಾರಿಸುತ್ತಿದ್ದರು, ಊಟದ ಮನೆಯಿಂದ ತುಪ್ಪದ ಘಮ ಬರುತ್ತಿತ್ತು, ಎರಡೂ ಕಡೆಯ ನೆಂಟರು ವೇದಿಕೆ ತುಂಬ. ಮದುವೆ ಗಂಡು ಜಯಂತ್ ಮತ್ತು ಪ್ರಿಯಂವದಾರ ನಡುವೆ ಚಕ್ಲಿ ನಿಲ್ಲಬೇಕು, ಫೋಟೋ ತೆಗೆಯಬೇಕು.

ಆಪಾ ಫೋಟೋಗ್ರಾಫರ್ ಮುತ್ತಣ್ಣನ ಪಕ್ಕ ನಿಂತು "ಠೈರ್" ಎಂದರು. ಚಕ್ಲಿ ಅವರನ್ನು ನೋಡಿದ. ಕೂತ.

ಮತ್ತೊಮ್ಮೆ ಹೇಳಿದರು. ಅವನು ಜಯಂತನಿಗೆ ಕೈ ಕೊಟ್ಟ. ಮೂರನೇ ಸಲಕ್ಕೆ ಉರುಳಲು ತಯಾರಾದ. ವೇದಿಕೆಯಲ್ಲಿ ನಗೆ ಎದ್ದಿತು. ಆಪಾರ ಮುಖ ಕೆಂಪಾಯಿತು. ಗೆಣಸು ಇತ್ತು, ಮಾತು ಅದೇ ಇತ್ತು, ಇಷ್ಟು ದಿನ ನಿಂತವನು ಈಗ ಯಾಕೆ ಕೂರುತ್ತಿದ್ದಾನೆ? ತಮ್ಮ ಗುಲಾಬಿ ಬಣ್ಣದ ಹೊಸ ಬಟ್ಟೆಯನ್ನು ಒಮ್ಮೆ ನೋಡಿಕೊಂಡರು. ಕೈ ಕತ್ತಿಗೆ ಹೋಯಿತು. ಟೇಪು ಇರಲಿಲ್ಲ. ಅದಿಲ್ಲದೆ ಚಕ್ಲಿ ಅವರನ್ನು ನೋಡಿದ್ದೇ ಇಲ್ಲ.

"ಸಾರ್, ಅದು ಕೊಡಿ ಇಲ್ಲಿ" ಎಂದು ಯಜ್ಞನಾರಾಯಣರ ಹೆಗಲ ಮೇಲಿದ್ದ ಜರಿ ಶಲ್ಯ ಎಳೆದುಕೊಂಡು, ಉದ್ದಕ್ಕೆ ಮಡಿಸಿ, ಟೇಪಿನ ಹಾಗೆ ಕತ್ತಿನ ಎರಡೂ ಕಡೆ ಇಳಿಬಿಟ್ಟುಕೊಂಡರು. "ಠೈರ್."

ಚಕ್ಲಿ ಎದ್ದು ನಿಂತ. ಕತ್ತೆತ್ತಿ, ನಾಲ್ಕು ಕಾಲೂ ಸಮನಾಗಿ ಊರಿ.

ಆಮೇಲೆ ತೊಂದರೆ ಕೊಟ್ಟವರು ಮನುಷ್ಯರು. ಒಬ್ಬರು ಅತ್ತೆ ಹಿಂದೆ ತಿರುಗಿದರು, ಒಬ್ಬ ಚಿಕ್ಕಪ್ಪನಿಗೆ ಸೀನು ಬಂತು, ಜಯಂತ್ ಪ್ರತಿ ಸಲವೂ ಕಣ್ಣು ಮುಚ್ಚಿದ. ಮುತ್ತಣ್ಣ ಒಂಬತ್ತು ಸಲ ಕ್ಲಿಕ್ ಮಾಡಿ, ಕ್ಯಾಮೆರಾ ಇಳಿಸಿ, "ಅಮ್ಮಾ, ಒಂಬತ್ತರಲ್ಲೂ ನಾಯಿ ಒಬ್ಬನೇ ಸರಿಯಾಗಿದ್ದಾನೆ. ಮಿಕ್ಕೋರಿಗೂ ಒಂದ್ಮಾತು ಹೇಳಿ" ಎಂದ. ಆಪಾ ಒಂದು ಹೆಜ್ಜೆ ಮುಂದೆ ಬಂದು, ಮದುವೆ ಹುಡುಗಿಯರಿಗೆ ಹೇಳುವ ಅದೇ ದನಿಯಲ್ಲಿ, "ನಿಲ್ಲಿ" ಎಂದರು. ಐವತ್ತು ಜನ ನಿಂತರು. ಹತ್ತನೇ ಫೋಟೋ ಸರಿಯಾಗಿ ಬಂತು.

"ಚಲ್ ಬೇಟಾ" ಎಂದಿದ್ದೇ ತಡ, ಚಕ್ಲಿ ವೇದಿಕೆಯಿಂದ ಹಾರಿ ನೇರವಾಗಿ ಅವರ ಎದೆಗೇ ಬಂದ. ಆಪಾ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಡೋಲಿನವರ ಖಾಲಿ ಕುರ್ಚಿಯಲ್ಲಿ ಕುಸಿದರು. ತೊಡೆಯ ಮೇಲೆ ಹದಿನೆಂಟು ಕಿಲೋ ನಾಯಿ. ಗಲ್ಲ ನೆಕ್ಕಿಸಿಕೊಳ್ಳದಿರಲು ಮುಖ ಅತ್ತಿತ್ತ ತಿರುಗಿಸುತ್ತ, "ನಕ್ಕೋ ರೇ, ನಕ್ಕೋ", ಬೇಡ ಕಣೋ ಬೇಡ, ಎನ್ನುತ್ತ, ಎರಡೂ ಕೈಯಲ್ಲಿ ಅವನನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಆ ಹತ್ತನೇ ಫೋಟೋ, ಅದರ ಹಿಂದಿನ ಕತೆಯ ಸಮೇತ, ಊರೆಲ್ಲ ಓಡಾಡಿತು. ಈಗ ಆಪಾ ಗುರುವಾರ ಮಧ್ಯಾಹ್ನ ರವಿಕೆ ಹೊಲಿಯುವುದಿಲ್ಲ. ಉಗುರು ಕತ್ತರಿಸಲು ಬಿಡದ ನಾಯಿ, ಡಾಕ್ಟರ ಮೇಜಿನ ಮೇಲೆ ಕುಣಿಯುವ ನಾಯಿ, ಇಂಥವನ್ನು ನಿಲ್ಲಿಸಲು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಅವರನ್ನು ಕರೆಯುವವರು ಬೇಕಾದಷ್ಟಿದ್ದಾರೆ. ಯಾರ ಮನೆಗೆ ಯಾವಾಗ ಎಂದು ನೌರೀನ್ ಡೈರಿ ಇಡುತ್ತಾಳೆ.

ಹೋದ ವಾರ ನಾನು ಅವರ ಜೊತೆ ಫ್ರೇಜರ್ ಟೌನಿಗೆ ಹೋಗಿದ್ದೆ. ರಯಾನ್ ಎಂಬ ಸಂಗೀತದ ಮೇಷ್ಟರ ಮನೆ, ಅಲ್ಲಿ ಉದ್ದ ಮೈಯ, ಗೇಣುದ್ದವೂ ಇಲ್ಲದ ಕಾಲಿನ ಒಂದು ಡ್ಯಾಶ್‌ಹಂಡ್. ಆಪಾ ಗೆಣಸು ಹಿಡಿದು "ಠೈರ್" ಎಂದರು. ನಾಯಿ ಇದ್ದಲ್ಲೇ ಇತ್ತು. ನಾವು ಮೂವರೂ ಅದನ್ನೇ ನೋಡಿದೆವು.

"ನಿಂತಿದ್ಯೋ ಕೂತಿದ್ಯೋ?" ಎಂದರು ರಯಾನ್.

ಆಪಾ ಚಾಪೆಯ ಮೇಲೆ ಕೆನ್ನೆಯೂರಿ ಮಲಗಿ, ಒಂದು ಕಣ್ಣು ಮುಚ್ಚಿ, ಹೊಟ್ಟೆಯ ಕೆಳಗೆ ಬೆಳಕು ಕಾಣುತ್ತದೆಯೇ ಎಂದು ಇಣುಕಿದರು.

"ಒಂದೂವರೆ ಇಂಚು ಗ್ಯಾಪ್ ಇದೆ" ಎಂದರು. "ನಿಂತಿದಾನೆ. ಗೆಣಸು ಕೊಡಿ."